ಧಾರವಾಡದ ಅಮೆರಿಕನ್ ಹತ್ತಿ

ಎರಡು ಕೋಣಗಳ ಕಾಳಗದಲ್ಲಿ ನಡುವಣ ಗಿಡಕ್ಕೆ ಕೇಡಾಯಿತೆಂಬ ಮಾತನ್ನು ಕನ್ನಡಿಗರಲ್ಲಿ ಕೇಳದವರಿಲ್ಲ. ಈ ಹೊತ್ತು ನಾವು ಅರಿಕೆಮಾಡಬೇಕೆಂದಿರುವ ಕಥೆಯಲ್ಲಿಯೂ ಎರಡು ಕೋಣಗಳಿವೆ, ಒಂದು ಗಿಡವಿದೆ. ಕೋಣಗಳು ಅಟ್ಲಾಂಟಿಕ್ ಮಹಾಸಾಗರದ ಎರಡು ದಡಗಳಲ್ಲಿ ನಿಂತಿವೆ. ಗಿಡ ಮಾತ್ರ ಅಲ್ಲಿಂದ ಸಾವಿರಾರು ಮೈಲಿ ದೂರದಲ್ಲಿ, ಹುಬ್ಬಳ್ಳಿ-ಧಾರವಾಡಗಳ ಎರೆಹೊಲದಲ್ಲಿ ಬೇರೂರಿದೆ. ಗಾದೆಯಲ್ಲಿ ಇಲ್ಲದ ಒಂದು ವಿಶೇಷವೂ ಈ ಕಥೆಯಲ್ಲುಂಟು. ಕಾಳಗ ನಡೆದಷ್ಟು ಕಾಲವೂ ಗಿಡಕ್ಕೆ ಗೊಬ್ಬರ ಬಿದ್ದಿತು, ಗಿಡ ಹಿಗ್ಗಿತು. ಕಾಳಗ ನಿಂತ ದಿನ ಅದು ಬಾಡಿತು. ಪರರ ಜಗಳದಿಂದ ಕೆಟ್ಟವರ ಕಥೆ ಲೋಕದಲ್ಲಿ ಬೇಕಾದಷ್ಟಿದೆ. ಪರರ ಜಗಳದಿಂದ ಬದುಕಿ, ಪರರ ರಾಜಿಯಿಂದ ಕೆಟ್ಟವರ ಕಥೆ ಅಪೂರ್ವವಾದುದು.

ಕೆಲವು ಕಾಲದ ಹಿಂದೆ ನಾವು ಹುಬ್ಬಳ್ಳಿಯ ಅಮರಗೋಳದ ಪೇಟೆಯಂಗಳದಲ್ಲಿ ನಿಂತಿದ್ದೆವು. ಹತ್ತಿಯ ಅಂಡಿಗೆಗಳ ಬಾಯಿ ಬಿಚ್ಚಿ ಸಾಲಾಗಿ ಇಟ್ಟಿದ್ದರು. ವಯಸ್ಸಾದ ರೈತರೊಬ್ಬರು ಅರಳೆಯ ಒಂದೆಳೆಯನ್ನು ಎರಡು ಬೆರಳುಗಳ ನಡುವೆ ಹಿಡಿದು ಎಳೆದು ನೋಡುತ್ತ, ಪಕ್ಕದಲ್ಲಿದ್ದ ದಲಾಲರನ್ನು ಕೇಳಿದರು: "ಹತ್ತಿ ನಂದು, ತಕ್ಕಡಿ ನಿಮ್ಮದು. ಧಾರಣಿ ಯಾರದ್ರೀ?" ದಲಾಲರು ನಕ್ಕು ಸುಮ್ಮನಾದರು. ಅವರನ್ನು ತಪ್ಪೆನ್ನುವಂತಿಲ್ಲ, ಅವರಿಗೂ ಉತ್ತರ ಗೊತ್ತಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟರೆ ನಾವು ನೂರೆಂಬತ್ತು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಇಂಗ್ಲೆಂಡಿನ ಐಶ್ವರ್ಯಕ್ಕೆ ಬುಡವಾಗಿದ್ದುದು ಲಂಕಾಷೈರ್ ಸೀಮೆಯ ಹತ್ತಿಯ ಗಿರಣಿಗಳು. ಆ ಗಿರಣಿಗಳು ನುಂಗುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಮಿಗಿಲಾದುದು ಒಂದೇ ದೇಶದಿಂದ, ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ ಬರುತ್ತಿತ್ತು. ಅಲ್ಲಿ ಅದನ್ನು ಬೆಳೆಯುತ್ತಿದ್ದವರು ಗುಲಾಮರು; ೧೮೬೦ರಲ್ಲಿ ಆ ದೇಶದ ಗುಲಾಮರ ಸಂಖ್ಯೆ ನಲವತ್ತು ಲಕ್ಷದ ಹತ್ತಿರವಿತ್ತು. ಊರೆಲ್ಲ ಒಂದೇ ಬಾವಿಯನ್ನು ನಂಬಿದರೆ ಬಾವಿಯ ಯಜಮಾನನ ಮುಖವನ್ನು ದಿನವೂ ನೋಡಬೇಕಾಗುತ್ತದೆ. ಇಂಗ್ಲೆಂಡಿನ ದೂರದರ್ಶಿಗಳಿಗೆ ಇದು ಸರಿಬೀಳಲಿಲ್ಲ. ಎರಡನೆಯ ಬಾವಿಯೊಂದನ್ನು ತೋಡಬೇಕೆಂದು ಅವರು ಹಿಂದೂದೇಶದ ಕಡೆ ಕಣ್ಣು ಹೊರಳಿಸಿದರು.

ನಮ್ಮಲ್ಲಿ ಹತ್ತಿ ಇಲ್ಲದೆ ಇರಲಿಲ್ಲ. ಧಾರವಾಡ ಸೀಮೆಯ ಜವಾರಿ ಹತ್ತಿ ಪುರಾತನವಾದುದು. ಅದು ಘಟ್ಟವಿಳಿದು ಕುಮಟಾ ಬಂದರಿನಲ್ಲಿ ಹಡಗು ಹತ್ತುತ್ತಿದ್ದುದರಿಂದ ಮುಂಬಯಿ, ಲಿವರ್‌ಪೂಲುಗಳ ವರ್ತಕರು ಅದನ್ನು ಕುಮಟಾ ಹತ್ತಿಯೆಂದೇ ಕರೆಯುತ್ತಿದ್ದರು. ಆದರೆ ಅದರ ಎಳೆ ಗಿಡ್ಡ. ಲಂಕಾಷೈರಿನ ಯಂತ್ರಗಳು ಅಮೆರಿಕದ ಉದ್ದ ಎಳೆಗೆ ಹೊಂದಿಕೊಂಡಿದ್ದುವು. ಆದುದರಿಂದ ಕಂಪನಿ ಸರ್ಕಾರದವರು ೧೮೪೦ರಲ್ಲಿ ಅಮೆರಿಕದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಸಂಬಳಕ್ಕೆ ಗೊತ್ತುಮಾಡಿ ಕರೆತಂದು, ಈ ದೇಶದ ಬೇರೆ ಬೇರೆ ಭಾಗಗಳಿಗೆ ಕಳುಹಿಸಿದರು. ಭರೂಚಿನಲ್ಲಿ ಪ್ರಯೋಗ ಕೆಟ್ಟಿತು, ಬುಂದೇಲಖಂಡದಲ್ಲಿಯೂ ಕೆಟ್ಟಿತು. ಧಾರವಾಡದಲ್ಲಿ ಮಾತ್ರ ಗೆದ್ದಿತು.

ಇಲ್ಲಿ ಗೆಲ್ಲಲು ಕಾರಣವೇನು? ಒಂದು ನೆಲದ ಗುಣ. ಪಶ್ಚಿಮದ ಮಳೆ ಧಾರವಾಡಕ್ಕೆ ಬರುತ್ತದೆ, ಆದರೆ ಗಿಡವನ್ನು ಕೊಳೆಯಿಸುವಷ್ಟು ಬರುವುದಿಲ್ಲ. ಆಮೇಲೆ ಹಿಂಗಾರಿ ಹನಿ ಬಂದು ಗಿಡವನ್ನು ಕಾಯಿಗಟ್ಟಿಸುತ್ತದೆ. ಇನ್ನೊಂದು ಮನುಷ್ಯಪ್ರಯತ್ನ. ಮರ್ಸರ್ ಎಂಬ ಅಮೆರಿಕನರು ಹುಬ್ಬಳ್ಳಿಯ ಬಳಿಯ ಕುಸುಗಲ್ಲಿನಲ್ಲಿ ಸರ್ಕಾರದ ಪ್ರಯೋಗದ ಹೊಲವನ್ನು ನೋಡಿಕೊಂಡರು; ಕಲೆಕ್ಟರಾಗಿದ್ದ ಷಾ ಎಂಬುವರು ನ್ಯೂ ಆರ್ಲಿಯನ್ಸಿನ ಬೀಜವನ್ನು ರೈತರ ಕೈಗೆ ಮುಟ್ಟಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ರೈತರು ಆ ಬೀಜವನ್ನು ತಮ್ಮ ಹೊಲಗಳಲ್ಲಿ ಪರೀಕ್ಷಿಸಿ, ಲಾಭ ಕಂಡು, ತಾವೇ ಒಪ್ಪಿಕೊಂಡರು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಅದು ಲಕ್ಷ ಎಕರೆಯನ್ನು ದಾಟಿ ಹಬ್ಬಿತು. ಲಿವರ್‌ಪೂಲಿನ ದರಪಟ್ಟಿಯಲ್ಲಿ "ಧಾರವಾರ್ ಅಮೆರಿಕನ್" ಎಂಬ ಹೆಸರು ಏರಿತು.

ಒಂದು ತೊಡಕಿತ್ತು. ಜವಾರಿ ಹತ್ತಿಯನ್ನು ನಮ್ಮ ಹೆಣ್ಣುಮಕ್ಕಳು ಚಪ್ಪಟೆಯಾದ ಕಲ್ಲಿನ ಮೇಲೆ ಹರಡಿ, ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಕಾಳು ಬಿಡಿಸುತ್ತಿದ್ದರು. ಅಮೆರಿಕದ ಹತ್ತಿಯ ಎಳೆ ಕಾಳನ್ನು ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅದು ಸಲಾಕೆಗೆ ಬಗ್ಗಲಿಲ್ಲ. ೧೭೯೩ರಲ್ಲಿ ಎಲಿ ವಿಟ್ನಿ ಎಂಬಾತನು ಅಮೆರಿಕದಲ್ಲಿ ಕಲ್ಪಿಸಿದ ಗರಗಸದ ಜಿನ್ನು ಅದಕ್ಕೆ ಬೇಕಾಯಿತು. ಸರ್ಕಾರದವರು ಧಾರವಾಡದಲ್ಲಿ ಜಿನ್ನಿನ ಕಾರ್ಖಾನೆಯನ್ನೇ ಇಟ್ಟರು. ಅದರ ಮೇಲ್ವಿಚಾರಕರಾಗಿದ್ದವರು ಫೋರ್ಬ್ಸ್ ಎಂಬ ವೈದ್ಯರು. ಯಂತ್ರ ಮಾಡುವುದು, ಕೆಟ್ಟುದನ್ನು ರಿಪೇರಿಮಾಡುವುದು ಅಲ್ಲಿ ನಡೆಯುತ್ತಿತ್ತು. ಹೀಗೆ ಬೀಜವೂ ಬಂತು, ಯಂತ್ರವೂ ಬಂತು. ಬಾರದೆ ಇದ್ದುದು ಒಳ್ಳೆಯ ಧಾರಣೆ. ಅದನ್ನು ತಂದುದು ಯುದ್ಧ.

ಈಗ ಸಾಗರದಾಚೆಗೆ ಹೋಗೋಣ. ೧೮೬೧ರ ಮಾರ್ಚಿಯಲ್ಲಿ ಅಮೆರಿಕದವರು ಮಾರಿಲ್ ಸುಂಕವೆಂದು ಹೆಸರಾದ ಕಾಯಿದೆಯನ್ನು ಮಾಡಿ ಹೊರದೇಶಗಳ ಸರಕಿನ ಮೇಲಣ ಸುಂಕವನ್ನು ಏರಿಸಿದರು. ಉತ್ತರದ ಕೈಗಾರಿಕೆಗಳಿಗೆ ಅದು ರಕ್ಷೆ. ಇಂಗ್ಲೆಂಡಿನ ವರ್ತಕರಿಗೆ ಅದು ಪೆಟ್ಟು. ಏಪ್ರಿಲಿನಲ್ಲಿ ಉತ್ತರ ದಕ್ಷಿಣಗಳಿಗೆ ಯುದ್ಧ ಹತ್ತಿತು. ಲಿಂಕನರು ದಕ್ಷಿಣದ ಬಂದರುಗಳಿಗೆ ದಿಗ್ಬಂಧನವನ್ನು ಸಾರಿದರು. ದಕ್ಷಿಣದವರ ಲೆಕ್ಕ ಬೇರೆ: ಹತ್ತಿ ನಿಂತರೆ ಇಂಗ್ಲೆಂಡು ತಾನಾಗಿಯೇ ತಮ್ಮ ಪಕ್ಷಕ್ಕೆ ಬಂದೀತೆಂದು ಅವರೂ ಹತ್ತಿಯನ್ನು ತಡೆಹಿಡಿದರು. ಅದೇ ನವೆಂಬರಿನಲ್ಲಿ ಉತ್ತರದ ಯುದ್ಧನೌಕೆಯೊಂದು ಟ್ರೆಂಟ್ ಎಂಬ ಬ್ರಿಟಿಷ್ ಟಪಾಲು ಹಡಗನ್ನು ನಡುಗಡಲಲ್ಲಿ ನಿಲ್ಲಿಸಿ ದಕ್ಷಿಣದ ಇಬ್ಬರು ರಾಯಭಾರಿಗಳನ್ನು ಸೆರೆಹಿಡಿಯಿತು. ಇಂಗ್ಲೆಂಡು ಕನಲಿ ಕೆನಡಾಕ್ಕೆ ದಂಡು ಕಳುಹಿಸಿತು. ಅವರನ್ನು ಬಿಟ್ಟುಕೊಟ್ಟುದರಿಂದ ಆ ಕಿಡಿ ಆರಿತು. ೧೮೬೨ರ ಜುಲೈಯಲ್ಲಿ ಇಂಗ್ಲೆಂಡಿನ ಬರ್ಕನ್‌ಹೆಡ್ಡಿನಲ್ಲಿ ಕಟ್ಟಿದ ಅಲಬಾಮಾ ಎಂಬ ಹಡಗು ದಕ್ಷಿಣದವರ ಕೈಸೇರಿ ಉತ್ತರದ ವ್ಯಾಪಾರದ ಹಡಗುಗಳನ್ನು ಬೇಟೆಯಾಡತೊಡಗಿತು. ತಟಸ್ಥವೆಂದು ಸಾರಿಕೊಂಡ ರಾಜ್ಯದ ರೇವಿನಲ್ಲಿ ಯುದ್ಧನೌಕೆ ಹೇಗೆ ಸಿದ್ಧವಾಯಿತು, ಕಾಯಿದೆ ಏಕೆ ನಿದ್ರಿಸಿತು ಎಂದು ಉತ್ತರದವರು ಕೇಳಿದರು. ಆ ವ್ಯಾಜ್ಯ ಹತ್ತು ವರ್ಷ ಎಳೆಯಿತು.

ಇತ್ತ ಲಂಕಾಷೈರಿನ ಗಿರಣಿಗಳು ಒಂದೊಂದಾಗಿ ಮುಚ್ಚಿದುವು. ಕೂಲಿಯಾಳುಗಳು ಲಕ್ಷಗಟ್ಟಲೆ ಧರ್ಮದ ಗಂಜಿಗೆ ಕೈಯೊಡ್ಡಬೇಕಾಯಿತು. ಹಾಗಿದ್ದರೂ ಮ್ಯಾಂಚೆಸ್ಟರಿನ ಕೆಲಸಗಾರರು ೧೮೬೨ರ ಕಡೆಯ ದಿನ ಸಭೆ ಸೇರಿ, ಗುಲಾಮಗಿರಿಯ ವಿರುದ್ಧವಾಗಿ ನಿಂತ ಲಿಂಕನರಿಗೆ ಬೆಂಬಲದ ಪತ್ರವನ್ನು ಕಳುಹಿಸಿದರು. ಮುಂದಿನ ತಿಂಗಳೇ ಲಿಂಕನರು ಅವರಿಗೆ ಕೃತಜ್ಞತೆಯಿಂದ ಉತ್ತರವಿತ್ತರು. ತನ್ನ ಹೊಟ್ಟೆಗೆ ಕಲ್ಲು ಬಿದ್ದಾಗಲೂ ನ್ಯಾಯದ ಕಡೆ ನಿಂತ ಆ ಜನರನ್ನು ಈ ಕಥೆಯಲ್ಲಿ ಗೌರವದಿಂದ ನೆನೆಯಬೇಕಾದುದು ನಮ್ಮ ಧರ್ಮ.

ಆದರೆ ಗಿರಣಿಯ ಒಡೆಯರಿಗೆ ಹತ್ತಿ ಬೇಕು. ೧೮೬೧ರ ಮೊದಲಲ್ಲಿ ಪೌಂಡಿಗೆ ಏಳೆಂಟು ಪೆನ್ನಿ ಇದ್ದ ಅಮೆರಿಕನ್ ಹತ್ತಿ ೧೮೬೪ರ ಹೊತ್ತಿಗೆ ಲಿವರ್‌ಪೂಲಿನಲ್ಲಿ ಇಪ್ಪತ್ತೇಳು ಪೆನ್ನಿಯನ್ನು ಮುಟ್ಟಿತು. ಹಿಂದೂದೇಶದಿಂದ ಇಂಗ್ಲೆಂಡಿಗೆ ಹೋಗುವ ಹತ್ತಿ ಆ ನಾಲ್ಕು ವರ್ಷಗಳಲ್ಲಿ ಎರಡರಷ್ಟಕ್ಕೂ ಮೀರಿತು. ಮುಂಬಯಿಯಲ್ಲಿ ಹೊನ್ನಿನ ಮಳೆ ಸುರಿಯಿತು. ಬ್ಯಾಂಕುಗಳೂ ಕಡಲನ್ನು ಹೂಳುವ ಕಂಪನಿಗಳೂ ಅಣಬೆಗಳಂತೆ ಎದ್ದುವು. ಧಾರವಾಡದ ರೈತನ ಮನೆಗೂ ಆ ಮಳೆಯ ತುಂತುರು ಬಿದ್ದಿತು. ಎಂದೂ ಕಾಣದ ರೂಪಾಯಿ ಕಂಡಿತು, ಹಳೆಯ ಸಾಲ ತೀರಿತು, ಹೊಸ ಸಾಲ ಸುಲಭವಾಗಿ ಹುಟ್ಟಿತು.

ಇಲ್ಲಿ ನಾವು ಒಂದು ವಿಚಾರವನ್ನು ಸಾವಧಾನವಾಗಿ ನೋಡತಕ್ಕುದುಂಟು. ಮ್ಯಾಂಚೆಸ್ಟರು ಮುಕ್ತವ್ಯಾಪಾರದ ಕಾಶಿ. ಸರ್ಕಾರ ವ್ಯಾಪಾರದಲ್ಲಿ ಕೈಯಿಡಬಾರದು, ಬೇಡಿಕೆ ಪೂರೈಕೆಗಳು ತಮ್ಮಷ್ಟಕ್ಕೆ ತಾವೇ ಸರಿಹೋಗುತ್ತವೆ ಎಂಬುದು ಅಲ್ಲಿಯ ಮಂತ್ರ. ಆದರೆ ಹತ್ತಿ ನಿಂತಾಗ ಆ ಮಂತ್ರ ಮರೆತುಹೋಯಿತು. ಹಿಂದೂದೇಶದ ಸರ್ಕಾರ ರಸ್ತೆ ಮಾಡಬೇಕು, ಬಂದರು ಕಟ್ಟಬೇಕು, ಕಲಬೆರಕೆಯನ್ನು ಹಿಡಿಯಲು ಅಧಿಕಾರಿಗಳನ್ನು ಇಡಬೇಕು ಎಂಬ ಬೇಡಿಕೆಗಳು ಎದ್ದುವು. ಮುಂಗಡ ಪಡೆದು ಕರಾರು ಮುರಿದ ರೈತನನ್ನು ಅಪರಾಧಿಯಂತೆ ಶಿಕ್ಷಿಸುವ ಕಾಯಿದೆ ಆಗಬೇಕೆಂಬ ಕೂಗೂ ಎದ್ದಿತು. ಇಂಡಿಯಾ ಮಂತ್ರಿಗಳಾಗಿದ್ದ ಸರ್ ಚಾರ್ಲ್ಸ್ ವುಡ್ಡರು ಈ ಕಡೆಯ ಬೇಡಿಕೆಗೆ ಒಪ್ಪಲಿಲ್ಲ. ಸಾಲದ ವ್ಯಾಜ್ಯವನ್ನು ಸೆರೆಮನೆಯ ವ್ಯಾಜ್ಯವನ್ನಾಗಿ ಮಾಡದ ಅವರ ಆ ನಿರ್ಧಾರವನ್ನು ನಾವು ಮೆಚ್ಚಬೇಕು. ಆದರೆ ೧೮೬೨ರಲ್ಲಿ ಹಿಂದೂದೇಶಕ್ಕೆ ಬರುವ ಬಿಲಾತಿ ಬಟ್ಟೆಯ ಮೇಲಣ ಸುಂಕ ನೂರಕ್ಕೆ ಹತ್ತರಿಂದ ಐದಕ್ಕೆ ಇಳಿಯಿತು. ನಮ್ಮ ಹತ್ತಿ ಹೋಗಬೇಕು, ಅವರ ಬಟ್ಟೆ ಬರಬೇಕು. ಎರಡು ಬಾಗಿಲುಗಳನ್ನೂ ಒಂದೇ ಕೈ ತೆರೆಯಿತು.

ಬಂದರಿನ ಬೇಡಿಕೆಯಿಂದ ಕನ್ನಡನಾಡಿಗೆ ಆದುದನ್ನು ಈ ನಾಡಿನ ಚರಿತ್ರೆ ಓದುವವರೂ ಎಷ್ಟೋ ವೇಳೆ ಗಮನಿಸುವುದಿಲ್ಲ. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಇಲಾಖೆಗೆ ಸೇರಿತ್ತು. ಅದಕ್ಕೆ ಸಹಜವಾದ ಬಂದರು ಕಾರವಾರ ಮದರಾಸು ಇಲಾಖೆಯಲ್ಲಿತ್ತು. ಎರಡು ಸರ್ಕಾರಗಳ ನಡುವೆ ಕಡತ ಓಡಾಡುವಷ್ಟರಲ್ಲಿ ಹತ್ತಿ ಮಳೆಯಲ್ಲಿ ನೆನೆಯುತ್ತದೆಂದು ಮ್ಯಾಂಚೆಸ್ಟರಿನವರು ದೂರಿದರು. ಅಷ್ಟರಲ್ಲೇ ಎರಡಾಗಿ ಒಡೆದಿದ್ದ ಕನ್ನಡ ಜಿಲ್ಲೆಯ ಉತ್ತರ ಭಾಗವನ್ನು ೧೮೬೨ರಲ್ಲಿ ಮದರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಿದರು. ದಕ್ಷಿಣ ಭಾಗ ಮದರಾಸಿನಲ್ಲಿಯೇ ಉಳಿಯಿತು. ಒಂದೇ ಕರಾವಳಿಯ ಅಣ್ಣತಮ್ಮಂದಿರು ಎರಡು ರಾಜಧಾನಿಗಳಿಗೆ ಅರ್ಜಿ ಬರೆಯುವವರಾದರು. ಆ ಗೆರೆ ಅಳಿಸಲು ೧೯೫೬ರ ನವೆಂಬರು ೧ ಬರಬೇಕಾಯಿತು. ಅಮೆರಿಕದ ಯುದ್ಧದ ಕಾಲದಲ್ಲಿ ಒಂದು ಹತ್ತಿಯ ಚಕ್ಕಡಿಯ ಅನುಕೂಲಕ್ಕಾಗಿ ಎಳೆದ ಗೆರೆ ಕನ್ನಡಿಗರನ್ನು ತೊಂಬತ್ತುನಾಲ್ಕು ವರ್ಷ ಬೇರೆಯಾಗಿ ಇಟ್ಟಿತು.

ಅಷ್ಟು ಮಾಡಿದುದರ ಫಲವೇನು? ಮ್ಯಾಂಚೆಸ್ಟರಿನ ಹತ್ತಿ ಕಂಪನಿಯೊಂದು ಧಾರವಾಡಕ್ಕೆಂದು ಯಂತ್ರಗಳನ್ನು ಕಾರವಾರದ ಬಳಿಯ ಸದಾಶಿವಗಡಕ್ಕೆ ಕಳುಹಿಸಿತು. ಇಳಿಸುವುದಕ್ಕೆ ಧಕ್ಕೆಯಿಲ್ಲ, ಏರಿಸುವುದಕ್ಕೆ ಘಟ್ಟದ ರಸ್ತೆ ಸಿದ್ಧವಾಗಿಲ್ಲ. ಯಂತ್ರಗಳು ಕಡಲತಡಿಯಲ್ಲಿ ಬಿದ್ದುವು. ಕಂಪನಿ ಕೆಲವೇ ವರ್ಷಗಳಲ್ಲಿ ಮುಳುಗಿತು. ಅವಸರದವರಿಗೆ ಹತ್ತಿ ಬೇಕಾಗಿತ್ತು, ರಸ್ತೆಗೆ ವರ್ಷಗಳು ಬೇಕಾಗಿದ್ದುವು. ಅಪಾಯ ಬಂದ ಮೇಲೆ ತೋಡಿದ ಬಾವಿಯಲ್ಲಿ ನೀರು ಬರುವ ಹೊತ್ತಿಗೆ ಬೆಂಕಿ ಆರಿರುತ್ತದೆ.

ಇನ್ನು ಕಾಯಿದೆಯ ಮಾತು. ಧಾರಣೆ ಏರಿದೊಡನೆ ಮೋಸವೂ ಏರಿತು. ಇದನ್ನು ನಾವು ಮುಚ್ಚಿಡುವುದು ಬೇಡ. ಹತ್ತಿಗೆ ಕಾಳು ಬೆರೆಸಿದರು, ಮಣ್ಣು ಬೆರೆಸಿದರು, ತೂಕಕ್ಕಾಗಿ ನೀರು ಚಿಮುಕಿಸಿದರು. ಅಮೆರಿಕನ್ ಹತ್ತಿಯೊಳಕ್ಕೆ ಜವಾರಿಯನ್ನು ತುರುಕಿದರು. ಲಿವರ್‌ಪೂಲಿನಲ್ಲಿ ಧಾರವಾಡದ ಹೆಸರು ಕೆಟ್ಟಿತು. ಮುಂಬಯಿ ಸರ್ಕಾರದವರು ೧೮೬೩ರ ಒಂಬತ್ತನೆಯ ಕಾಯಿದೆಯನ್ನು ಹೊರಡಿಸಿ, ಹತ್ತಿ ಪರೀಕ್ಷಕರನ್ನು ನೇಮಿಸಿ, ಕಲಬೆರಕೆ ಮಾಡಿದವರಿಗೆ ಸೆರೆಯನ್ನೂ ಮಾಲಿನ ಜಪ್ತಿಯನ್ನೂ ವಿಧಿಸಿದರು. ಈ ಇಲಾಖೆಯ ಖರ್ಚಿಗೆ ಹತ್ತಿಯ ಮೇಲೆಯೇ ಶುಲ್ಕ ಬಿದ್ದಿತು.

ಕಾಯಿದೆಯ ಉದ್ದೇಶ ಸರಿಯಾದುದೇ. ಕಲಬೆರಕೆಯಿಂದ ಮೊದಲು ಕೆಡುವವನು ಪ್ರಾಮಾಣಿಕನಾದ ರೈತ. ಅವನ ಒಳ್ಳೆಯ ಹತ್ತಿಗೂ ಕೆಟ್ಟ ಹತ್ತಿಯ ಬೆಲೆಯೇ ಬರುತ್ತದೆ. ಆದರೆ ಆ ಕಾಯಿದೆಯನ್ನು ಓದುವಾಗ ನಮಗೆ ತೋರುವ ಕೊರತೆ ಇದು: ಹತ್ತಿ ಕೊಳ್ಳುವವನಿಗೆ ಮೋಸವಾಗಬಾರದೆಂದು ಅದು ಕಾವಲು ನಿಂತಿತು, ಹತ್ತಿ ಮಾರುವವನಿಗೆ ಮೋಸವಾದರೆ ನೋಡುವವರಾರು ಎಂದು ಕೇಳಲಿಲ್ಲ. ಪೇಟೆಯಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ರೈತನಿಗೆ ತಿಳಿಯದಂತೆ ಧಾರಣೆ ಗೊತ್ತುಮಾಡುವ ಪದ್ಧತಿ, ತೂಕದಲ್ಲಿ ಕಡಿತ, ಹೆಸರಿಲ್ಲದ ಹತ್ತು ಬಾಬುಗಳ ಕಳೆತ, ಇವು ಯಾವುವೂ ಅದರ ಕಣ್ಣಿಗೆ ಅಪರಾಧವಾಗಿ ಕಾಣಲಿಲ್ಲ. ಮುಂಬಯಿಯ ವರ್ತಕರು ಬೇರೆ ಕಾರಣಕ್ಕಾಗಿ ಅದನ್ನು ವಿರೋಧಿಸಿದರು: ಕೊಳ್ಳುವವನಿಗೆ ಕಣ್ಣಿದೆ, ಅವನೇ ನೋಡಿಕೊಳ್ಳಲಿ ಎಂಬುದು ಅವರ ವಾದ. ಹಗ್ಗಜಗ್ಗಾಟ ನಡೆದು, ಇಪ್ಪತ್ತು ವರ್ಷ ತುಂಬುವುದರೊಳಗೆ ಆ ಏರ್ಪಾಡು ಮುಗಿಯಿತು. ಮೋಸ ಮಾತ್ರ ಮುಗಿಯಲಿಲ್ಲ.

೧೮೬೫ರ ಏಪ್ರಿಲಿನಲ್ಲಿ ಅಮೆರಿಕದ ಯುದ್ಧ ನಿಂತಿತು. ಗುಲಾಮರ ಸಂಕೋಲೆ ಕಳಚಿತು. ಅದು ಲೋಕಕ್ಕೆಲ್ಲ ಹಬ್ಬವಾಗಬೇಕಾದ ಸುದ್ದಿ. ಆದರೆ ಆ ಸುದ್ದಿ ಮುಂಬಯಿಗೆ ಮುಟ್ಟಿದಾಗ ಹತ್ತಿಯ ಧಾರಣೆ ಬಂಡೆಯಂತೆ ಉರುಳಿತು. ಜುಲೈ ೧ರಂದು ವಾಯಿದೆಯ ಲೆಕ್ಕ ತೀರಿಸಬೇಕಾದ ಸಾಹುಕಾರರು ದಿವಾಳಿಯೆದ್ದರು. ಮುಂಬಯಿಯ ಬ್ಯಾಂಕು ೧೮೬೮ರೊಳಗೆ ಬಾಗಿಲು ಮುಚ್ಚಿತು. ಸಾಹುಕಾರನ ದಿವಾಳಿಯನ್ನು ಪತ್ರಿಕೆಗಳು ಬರೆದುವು. ಏರಿದ ಧಾರಣೆಯನ್ನು ನಂಬಿ ಎತ್ತು ಕೊಂಡ, ಮದುವೆ ಮಾಡಿದ, ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ರೈತನ ದಿವಾಳಿಯನ್ನು ಬರೆದವರು ಕಡಿಮೆ. ಹತ್ತು ವರ್ಷ ಕಳೆದು ೧೮೭೬ರಿಂದ ೧೮೭೮ರ ವರೆಗೆ ಭೀಕರವಾದ ಬರ ಈ ಸೀಮೆಯನ್ನು ಮೆಟ್ಟಿದಾಗ, ಯುದ್ಧಕಾಲದ ರೂಪಾಯಿ ಎಷ್ಟು ಮನೆಗಳಲ್ಲಿ ಉಳಿದಿತ್ತು? ಬರಕ್ಕೆ ಕಾರಣ ಹತ್ತಿಯೆಂದು ನಾವು ಹೇಳುವುದಿಲ್ಲ. ಅದು ಮಳೆ ತಪ್ಪಿದುದರಿಂದ ಬಂದುದು. ಆದರೆ ಅಂಥ ದಿನಗಳಿಗಾಗಿ ಕೂಡಿಡಬೇಕಾದುದನ್ನು ಕೂಡಿಡುವ ದಾರಿಯನ್ನು ಆ ಸುಭಿಕ್ಷ ತೋರಿಸಿಕೊಟ್ಟಿರಲಿಲ್ಲ.

ಕೋಣಗಳೆರಡೂ ರಾಜಿಯಾದುವು. ೧೮೭೨ರಲ್ಲಿ ಜಿನೀವಾ ನಗರದಲ್ಲಿ ಪಂಚಾಯಿತರು ಕೂಡಿ, ಅಲಬಾಮಾ ಮೊದಲಾದ ಹಡಗುಗಳಿಂದಾದ ನಷ್ಟಕ್ಕೆ ಇಂಗ್ಲೆಂಡು ಅಮೆರಿಕಕ್ಕೆ ಒಂದು ಕೋಟಿ ಐವತ್ತೈದು ಲಕ್ಷ ಡಾಲರು ಕೊಡಬೇಕೆಂದು ತೀರ್ಪು ಮಾಡಿದರು, ಇಂಗ್ಲೆಂಡು ಕೊಟ್ಟಿತು. ಬಲಿಷ್ಠ ರಾಜ್ಯಗಳು ಕತ್ತಿಯನ್ನು ಬಿಟ್ಟು ಪಂಚಾಯಿತಿಗೆ ಒಪ್ಪಿದುದು ಶ್ಲಾಘ್ಯವಾದ ಕಾರ್ಯವೇ. ಆ ಪಂಚಾಯಿತಿಯಲ್ಲಿ ಮುಳುಗಿದ ಹಡಗುಗಳಿಗೆ ಲೆಕ್ಕವಿತ್ತು. ಧಾರವಾಡದ ಹೊಲಕ್ಕೆ ಕುರ್ಚಿಯಿರಲಿಲ್ಲ. ಇರಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ.

ಆಮೇಲೆ ಸುಂಕದ ಕಥೆ ಮುಂದುವರಿಯಿತು. ಲಂಕಾಷೈರಿನ ಒತ್ತಾಯದಿಂದ ೧೮೮೨ರಲ್ಲಿ ಬಿಲಾತಿ ಬಟ್ಟೆಯ ಸುಂಕ ಪೂರ್ತಿ ಹೋಯಿತು. ೧೮೯೪ರಲ್ಲಿ ಬೊಕ್ಕಸ ಬರಿದಾದುದರಿಂದ ಸುಂಕವನ್ನು ಮತ್ತೆ ಹಾಕಿದಾಗ, ಅದಕ್ಕೆ ಸರಿದೂಗಿಸಲು ನಮ್ಮ ಗಿರಣಿಗಳ ಮೇಲೆಯೂ ತೆರಿಗೆ ಬಿತ್ತು; ೧೮೯೬ರಲ್ಲಿ ಎರಡನ್ನೂ ನೂರಕ್ಕೆ ಮೂರೂವರೆಗೆ ನಿಲ್ಲಿಸಿದರು. ಅನ್ಯಾಯದ ಆ ತೆರಿಗೆ ರದ್ದಾದುದು ೧೯೨೬ರಲ್ಲಿ.

ಆ ಹೊತ್ತಿಗೆ ಕಾಲ ಬದಲಾಗಿತ್ತು. ಕಾಯಿದೆಯ ರೀತಿಯೂ ಬದಲಾಯಿತು. ೧೯೨೧ರಲ್ಲಿ ಹುಟ್ಟಿದ ಅಖಿಲ ಭಾರತದ ಹತ್ತಿಯ ಸಮಿತಿಯಲ್ಲಿ ವರ್ತಕರು, ಗಿರಣಿಯವರು, ಅಧಿಕಾರಿಗಳು ಇದ್ದಂತೆ ಬೆಳೆಗಾರರ ಪ್ರತಿನಿಧಿಗಳೂ ಇದ್ದರು. ೧೯೨೩ರ ಕಾಯಿದೆಯಿಂದ ಹತ್ತಿಯ ಮೇಲೆ ಎತ್ತಿದ ಅಲ್ಪ ತೆರಿಗೆ ಹತ್ತಿಯ ಸಂಶೋಧನೆಗೇ ಸಲ್ಲುವಂತಾಯಿತು. ಅದೇ ವರ್ಷದ ಸಾಗಣೆಯ ಕಾಯಿದೆ ಕೀಳು ಹತ್ತಿಯನ್ನು ಮೇಲು ಹತ್ತಿಯ ಸೀಮೆಗೆ ತಂದು ಬೆರೆಸುವುದನ್ನು ತಡೆಯಿತು. ೧೯೨೫ರ ಕಾಯಿದೆ ಪ್ರತಿಯೊಂದು ಅಂಡಿಗೆಯ ಮೇಲೂ ಅದನ್ನು ಒತ್ತಿದ ಗಿರಣಿಯ ಗುರುತಿರಬೇಕೆಂದು ವಿಧಿಸಿತು. ೧೯೨೭ರ ಮುಂಬಯಿಯ ಹತ್ತಿಪೇಟೆಯ ಕಾಯಿದೆಯೂ ೧೯೩೯ರ ಕೃಷಿಪೇಟೆಯ ಕಾಯಿದೆಯೂ ತಕ್ಕಡಿಯ ಕಡೆಗೂ ವಸ್ತ್ರದ ಮರೆಯ ಬೆರಳುಗಳ ಕಡೆಗೂ ನೋಡಿದುವು. ಇವುಗಳಲ್ಲಿಯೂ ಕುಂದುಗಳಿದ್ದುವು, ಪೇಟೆಯಲ್ಲಿ ಇನ್ನೂ ಇವೆ. ಆದರೆ ೧೮೬೩ರ ಕಾಯಿದೆಗೂ ಇವಕ್ಕೂ ಭೇದವುಂಟು. ಅದು ರೈತನನ್ನು ಕಾಯುವ ಕಳ್ಳನಂತೆ ಕಂಡಿತು. ಇವು ಅವನನ್ನು ಪಾಲುಗಾರನಂತೆ ಕಂಡುವು. ನಿಯಮವಿರಬೇಕೋ ಬೇಡವೋ ಎಂದು ವಾದಿಸುವುದಕ್ಕಿಂತ, ನಿಯಮವನ್ನು ಮಾಡುವಾಗ ಅದಕ್ಕೆ ಕಟ್ಟುಬೀಳುವವನು ಅಲ್ಲಿ ಕ‌ುಳಿತಿದ್ದನೋ ಇಲ್ಲವೋ ಎಂದು ಕೇಳುವುದು ಮೇಲು.

ಈ ಜಗಳ, ರಾಜಿ, ಸುಂಕಗಳ ನಡುವೆ ಸದ್ದಿಲ್ಲದೆ ಉಳಿದುಬಂದುದು ಒಂದುಂಟು. ಅದು ಬೀಜ. ನ್ಯೂ ಆರ್ಲಿಯನ್ಸಿನಿಂದ ಬಂದು ಧಾರವಾಡದ ಮಣ್ಣಿಗೆ ಒಗ್ಗಿದ ಹತ್ತಿಯಿಂದ ಆರಿಸಿ ತೆಗೆದ ತಳಿಗೆ ಗದಗ ಒಂದು ಎಂಬ ಹೆಸರಾಯಿತು. ಗದಗ ಒಂದನ್ನು ಕಾಂಬೋಡಿಯಾ ಜಾತಿಯೊಂದಿಗೆ ಕೂಡಿಸಿ ಲಕ್ಷ್ಮಿಯೆಂಬ ತಳಿಯನ್ನು ಪಡೆದರು. ೧೯೭೨ರಲ್ಲಿ ಧಾರವಾಡದ ಸಂಶೋಧನ ಕೇಂದ್ರದಲ್ಲಿ ಡಾಕ್ಟರ್ ಕಟರ್ಕಿಯವರು ಆ ಲಕ್ಷ್ಮಿಯನ್ನು ಉದ್ದ ಎಳೆಯ ಬೇರೊಂದು ಜಾತಿಯ ಹತ್ತಿಯೊಡನೆ ಸಂಕರಿಸಿ ವರಲಕ್ಷ್ಮಿಯನ್ನು ನಾಡಿಗಿತ್ತರು. ಎರಡು ಬೇರೆ ಜಾತಿಗಳ ಹತ್ತಿಯನ್ನು ಕೂಡಿಸಿ ವ್ಯಾಪಾರಕ್ಕೆ ಬೆಳೆಯುವ ಸಂಕರ ತಳಿಯನ್ನು ಪಡೆದುದು ಅದೇ ಮೊದಲು. ೧೯೮೧ರಲ್ಲಿ ಅಲ್ಲಿಂದಲೇ ಜಯಲಕ್ಷ್ಮಿ ಬಂದಿತು. ಯಂತ್ರ ಕಡಲತಡಿಯಲ್ಲಿ ತುಕ್ಕುಹಿಡಿಯಿತು, ಕಂಪನಿ ಮುಳುಗಿತು, ಯುದ್ಧದ ರೂಪಾಯಿ ಕರಗಿತು. ರೈತ ಒಪ್ಪಿಕೊಂಡ ಬೀಜ ನೂರಮೂವತ್ತು ವರ್ಷಗಳಲ್ಲಿ ಮೊಮ್ಮಕ್ಕಳನ್ನು ಪಡೆಯಿತು.

ಇದೆಲ್ಲ ಹಳೆಯ ಕಥೆಯೆಂದು ಶ್ರೋತೃಗಳು ಭಾವಿಸಬಹುದು. ಹಾಗಲ್ಲ. ಬೀಜದ ಮೇಲೆಯೇ ಅಟ್ಲಾಂಟಿಕ್ಕಿನ ಎರಡು ದಡಗಳು ನಮ್ಮ ಕಾಲದಲ್ಲಿ ಮತ್ತೆ ಕಾದಾಡಿದುವು. ಅಣುವಂಶವನ್ನು ತಿದ್ದಿದ ಬೆಳೆಗಳಿಗೆ ಹೊಸದಾಗಿ ಒಪ್ಪಿಗೆ ಕೊಡುವುದನ್ನು ಯೂರೋಪಿನವರು ೧೯೯೮ರಿಂದ ನಿಲ್ಲಿಸಿದರು. ಸಿದ್ಧವಾದ ಪ್ರಮಾಣವಿಲ್ಲದೆ ತಡೆಯುವುದು ವ್ಯಾಪಾರಕ್ಕೆ ಅಡ್ಡಿಯೆಂದು ಅಮೆರಿಕದವರು ೨೦೦೩ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರಿತ್ತು ೨೦೦೬ರಲ್ಲಿ ಗೆದ್ದರು. ಸಂದೇಹವಿದ್ದರೆ ತಡೆ ಎಂಬುದು ಒಬ್ಬರ ನೀತಿ, ಕೇಡು ಕಂಡರೆ ತಡೆ ಎಂಬುದು ಇನ್ನೊಬ್ಬರ ನೀತಿ. ಅವರಿನ್ನೂ ವಾದಿಸುತ್ತಿರುವಾಗಲೇ ೧೯೯೮ರಲ್ಲಿ ಕರ್ನಾಟಕದ ರೈತ ಸಂಘದವರು ಪ್ರಯೋಗದ ಬಿ.ಟಿ. ಹತ್ತಿಗೆ ಬೆಂಕಿಯಿಟ್ಟಿದ್ದರು, ೨೦೦೨ರಲ್ಲಿ ಭಾರತ ಸರ್ಕಾರ ಆ ಹತ್ತಿಗೆ ಒಪ್ಪಿಗೆಯನ್ನೂ ಕೊಟ್ಟಿತ್ತು. ಕೆಲವೇ ವರ್ಷಗಳಲ್ಲಿ ದೇಶದ ಹತ್ತಿಯ ಹೊಲಗಳಲ್ಲಿ ಬಹುಪಾಲು ಅದೇ ಆಯಿತು. ಷಾ ಅವರ ಕಾಲದ ಬೀಜವನ್ನು ರೈತ ಮನೆಯಲ್ಲಿಯೇ ಕಾದಿಡಬಹುದಾಗಿತ್ತು. ಸಂಕರ ತಳಿಗಳು ಬಂದ ಮೇಲೆ ಪ್ರತಿವರ್ಷವೂ ಅಂಗಡಿಯಲ್ಲಿ ಕೊಳ್ಳಬೇಕಾಯಿತು.

೨೦೨೫ರಲ್ಲಿ ಇನ್ನೊಂದು ಸುತ್ತು ನಡೆಯಿತು. ಅಮೆರಿಕದವರು ಲೋಕದ ಮೇಲೆಲ್ಲ ಸುಂಕ ಏರಿಸುತ್ತ ಬಂದರು. ಯೂರೋಪಿನವರು ಜುಲೈಯಲ್ಲಿ ನೂರಕ್ಕೆ ಹದಿನೈದಕ್ಕೆ ರಾಜಿಯಾದರು; ಭಾರತದ ಸರಕುಗಳ ಮೇಲೆ ಆಗಸ್ಟಿನಲ್ಲಿ ನೂರಕ್ಕೆ ಐವತ್ತು ಬಿದ್ದಿತು. ಪೆಟ್ಟು ತಿಂದ ನಮ್ಮ ಬಟ್ಟೆಯ ಉದ್ಯಮಕ್ಕೆ ಹತ್ತಿ ಅಗ್ಗವಾಗಿ ಸಿಗಲೆಂದು ಭಾರತ ಸರ್ಕಾರದವರು ಹೊರಗಿನ ಹತ್ತಿಯ ಮೇಲಿದ್ದ ನೂರಕ್ಕೆ ಹನ್ನೊಂದರ ಸುಂಕವನ್ನು ಆಗಸ್ಟು ೧೯ರಿಂದ ತೆಗೆದು, ಆ ವಿನಾಯಿತಿಯನ್ನು ವರ್ಷದ ಕಡೆಯವರೆಗೂ ಬೆಳೆಸಿದರು. ಅದೇ ವರ್ಷ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಾಲಿಗೆ ೭,೭೧೦ ರೂಪಾಯಿ, ಉದ್ದ ಎಳೆಯದಕ್ಕೆ ೮,೧೧೦ ರೂಪಾಯಿ ಬೆಂಬಲ ಬೆಲೆಯೆಂದು ಸಾರಿದ್ದರು. ಹೊಲದಲ್ಲಿ ಗಿಡ ನಿಂತಿರುವಾಗಲೇ ಬಾಗಿಲು ತೆರೆದುದರಿಂದ ಬೆಳೆಗಾರನಿಗೆ ಭಯ ಹುಟ್ಟಿದುದು ಸಹಜ. ಗಿರಣಿಯ ಕೂಲಿಗೂ ಕೆಲಸ ಉಳಿಯಬೇಕು, ಹೊಲದ ಒಡೆಯನಿಗೂ ಬೆಲೆ ಉಳಿಯಬೇಕು; ಈ ಎರಡನ್ನು ತೂಗುವ ಕೆಲಸ ಕಷ್ಟವೆಂಬುದನ್ನು ನಾವು ಬಲ್ಲೆವು. ಆದರೆ ತೂಗುವಾಗ ಇಬ್ಬರೂ ತಕ್ಕಡಿಯನ್ನು ನೋಡುವಂತಿರಬೇಕಷ್ಟೆ.

ಅಮರಗೋಳದ ಆ ರೈತರ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಧಾರಣೆ ಒಬ್ಬರದಲ್ಲ. ಅದರಲ್ಲಿ ಒಂದು ಪಾಲು ಮಳೆಯದು, ಒಂದು ಪಾಲು ಮಾಲಿನ ಗುಣದ್ದು, ಒಂದು ದೊಡ್ಡ ಪಾಲು ನಾವು ಕಾಣದ ಊರುಗಳ ಜಗಳದ್ದೂ ರಾಜಿಯದ್ದೂ. ಆ ಕಡೆಯ ಪಾಲನ್ನು ತಡೆಯುವ ಶಕ್ತಿ ಹುಬ್ಬಳ್ಳಿಗೂ ಇಲ್ಲ, ಧಾರವಾಡಕ್ಕೂ ಇಲ್ಲ. ಹಾಗೆಂದು ಕೈಕಟ್ಟಿ ಕೂಡಬೇಕಾಗಿಲ್ಲ. ಪರರ ಜಗಳದಿಂದ ಬಂದ ಬೆಲೆ ನಮ್ಮ ಸಂಪತ್ತಲ್ಲ, ಅದು ಹೊಳೆಯ ನೆರೆ. ನೆರೆ ಇಳಿದ ಮೇಲೆ ಕೆರೆಯಲ್ಲಿ ನಿಂತ ನೀರೇ ನಮ್ಮದು. ಒಳ್ಳೆಯ ಬೀಜ, ಸರಿಯಾದ ತಕ್ಕಡಿ, ಊರಿನಿಂದ ಪೇಟೆಗೆ ರಸ್ತೆ, ನಿಯಮ ಮಾಡುವ ಚಾವಡಿಯಲ್ಲಿ ಬೆಳೆಗಾರನಿಗೆ ಒಂದು ಕುರ್ಚಿ: ಇವು ಆ ಕೆರೆಯ ಏರಿಗಳು. ಧಾರಣೆ ಏರಿದ ವರ್ಷವೇ ಇವನ್ನು ಕಟ್ಟಬೇಕು. ೧೮೬೪ರಲ್ಲಿ ನಮ್ಮ ಹಿರಿಯರ ಕೈಯಲ್ಲಿ ಹಣವಿತ್ತು, ಕಟ್ಟುವ ಅಧಿಕಾರವಿರಲಿಲ್ಲ. ನಮ್ಮ ಕೈಯಲ್ಲಿ ಅಧಿಕಾರವಿದೆ. ಅದನ್ನು ಬಳಸದೆ ಹೋದರೆ ಆ ರೈತರು ಮುಂದಿನ ಸುಗ್ಗಿಯಲ್ಲಿ ಅದೇ ಅಂಗಳದಲ್ಲಿ ನಿಂತು ಅದೇ ಪ್ರಶ್ನೆಯನ್ನು ಕೇಳುವರು. ಆಗ ದಲಾಲರಂತೆ ನಕ್ಕು ಸುಮ್ಮನಾಗುವುದು ನಮಗೆ ಒಪ್ಪದು.